ಉಸಿರಿನ ಅಳತೆ

ಬೀದಿಯವರೆಲ್ಲ ಆಕೆಯನ್ನು ಟೈಲರಮ್ಮ ಅಂತಲೇ ಕರೆಯುವುದು. ಕೋಪ ಬಂದಾಗ ಅತ್ತೆಯೂ ಹಾಗೇ ಕರೆಯುತ್ತಾರೆ. ಯಾರ ಬಟ್ಟೆಯೇ ಇರಲಿ, ಟೈಲರಮ್ಮ ಎದೆಯ ಅಳತೆಯನ್ನು ಎರಡು ಸಲ ತೆಗೆಯುತ್ತಾಳೆ, ಉಸಿರು ಬಿಟ್ಟಾಗ ಒಮ್ಮೆ, ತುಂಬಿಕೊಂಡಾಗ ಒಮ್ಮೆ. ಬಟ್ಟೆಯೊಳಗೆ ಮನುಷ್ಯರು ಉಸಿರಾಡಬೇಕಲ್ಲ ಅನ್ನುವುದು ಆಕೆಯ ವಾದ.

ನಾದಿನಿ ಪೆರು ದೇಶದವನನ್ನು ಮದುವೆಯಾಗಿ ಅಲ್ಲಿನ ಬೆಟ್ಟದ ಮೇಲಿನ ಊರಲ್ಲಿ ಸಂಸಾರ ಹೂಡಿದ್ದಳು. ಮಗಳ ಮನೆಯನ್ನು ಒಮ್ಮೆ ಕಣ್ಣಾರೆ ನೋಡಬೇಕೆಂಬುದು ಅತ್ತೆಯ ಬಹಳ ದಿನದ ಆಸೆ. ಅಂತೂ ಈ ಸಲ ಅತ್ತೆ ಸೊಸೆ ಇಬ್ಬರೂ ಹೊರಡುವುದೆಂದಾಯಿತು. ಅಂದಿನಿಂದ ಟೈಲರಮ್ಮನ ಎದೆಯಲ್ಲಿ ಅವಲಕ್ಕಿ ಕುಟ್ಟಿದಂತೆ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಭೂಪಟ ಹರಡಿಕೊಂಡು ನೋಡುವಳು. ಒಂದು ಕಡೆ ಸಮುದ್ರದುದ್ದಕ್ಕೂ ಮರಳುಗಾಡು, ನಡುವೆ ಹಿಮದ ಬೆಟ್ಟ, ಅದರಾಚೆ ದಟ್ಟ ಕಾಡು. ಮೂರು ಥರದ ಬಟ್ಟೆ ಜೋಡಿಸಿ ಹೊಲಿದಂಥ ದೇಶ.

"ಇಲ್ಲಿ ಬಿಸಿಲು, ಅಲ್ಲಿ ಚಳಿ, ಇನ್ನೊಂದು ಕಡೆ ಸೊಳ್ಳೆ. ಯಾವ ಬಟ್ಟೆ ತಗೊಂಡು ಹೋಗೋದು ಅತ್ತೆ?"

"ಎಲ್ಲಾನೂ ಒಂದರ ಮೇಲೊಂದು ಹಾಕ್ಕೊಂಡು ಹೋಗೋದು. ಸೆಖೆ ಆದಲ್ಲಿ ಒಂದೊಂದೇ ಬಿಚ್ಚೋದು. ಅಲ್ಲಿ ಯಾರಿಗೆ ನನ್ನ ಗುರ್ತು?"

ಬೆಟ್ಟದ ಚಳಿಗೆಂದು ಅತ್ತೆಗೊಂದು ದಪ್ಪ ಕೋಟು ಹೊಲಿಯಲು ಟೈಲರಮ್ಮ ಟೇಪು ಸುತ್ತಿದಳು. ಉಸಿರು ಬಿಡಿ ಅಂದಳು, ಬಿಟ್ಟರು. ತಗೊಳ್ಳಿ ಅಂದಳು, ತಗೊಂಡರು. ಟೇಪು ಕದಲಲಿಲ್ಲ.

"ಜೋರಾಗಿ ತಗೊಳ್ಳಿ ಅತ್ತೆ."

"ತಗೊಂಡೆನಲ್ಲ. ಇನ್ನೇನು, ಬಲೂನ್ ಆಗ್ಲಾ?"

ನಗಲು ಹೋಗಿ ಅತ್ತೆ ಮೇಜಿನ ಅಂಚು ಹಿಡಿದುಕೊಂಡರು. ಮೆಟ್ಟಿಲ ನಡುವೆ ನಿಂತು ಬೀದಿ ನೋಡುವ ನೆಪ, ದಿಂಬಿನ ಮೇಲೆ ದಿಂಬು ಇಟ್ಟು ಮಲಗುವುದು, ಎಲ್ಲ ಟೈಲರಮ್ಮನಿಗೆ ಒಮ್ಮೆಗೇ ಅರ್ಥವಾಯಿತು. ಆ ಬೆಟ್ಟದ ಊರಲ್ಲಿ ಗಟ್ಟಿಮುಟ್ಟಾದವರಿಗೂ ಮೊದಮೊದಲು ಉಸಿರು ಸಾಲದು ಎಂದು ನಾದಿನಿಯೇ ಹೇಳಿದ್ದಳು.

"ಎಷ್ಟು ದಿನದಿಂದ ಹೀಗೆ?"

"ಬಾಯಿ ಮುಚ್ಕೊಂಡು ಕೋಟು ಹೊಲಿ. ಅವಳಿಗೇನಾದ್ರೂ ಹೇಳಿದ್ಯೋ, ನಿನ್ನ ಜೊತೆ ಮಾತು ಬಿಡ್ತೀನಿ."

ಹೇಳಿದರೆ ಅತ್ತೆಯ ಆಸೆ ಮುರಿದಂತೆ. ಹೇಳದೆ ಕರೆದೊಯ್ದು ಅಲ್ಲೇನಾದರೂ ಆದರೆ? ಮುಂದಿನದನ್ನು ಯೋಚಿಸಲೂ ಹೆದರಿಕೆ. ಹೇಗೋ ಪುಸಲಾಯಿಸಿ ಡಾಕ್ಟರ ಬಳಿ ಕರೆದುಕೊಂಡು ಹೋದಳು. ಅವರು ಪರೀಕ್ಷೆ ಮಾಡಿ, ಮಾತ್ರೆ ಬರೆದು, ವಿಮಾನ ಹತ್ತಬಹುದು, ಬೆಟ್ಟ ಮಾತ್ರ ಬೇಡವೇ ಬೇಡ ಅಂದರು.

"ಅವರಿಗೇನು," ಹೊರಗೆ ಬರುತ್ತಲೇ ಅತ್ತೆ ಗೊಣಗಿದರು. "ಅವರ ಮಗಳು ಪಕ್ಕದ ಬೀದೀಲೇ ಇರ್ಬೇಕು."

ಆ ಸಂಜೆ ಟೈಲರಮ್ಮ ಮೆಷಿನ್ ನಿಲ್ಲಿಸಿ, ಸರಿಯಾದ ಮಾತು ಬಾಯಿಗೆ ಕೊಡಪ್ಪ ದೇವರೇ ಎಂದುಕೊಂಡು ನಾದಿನಿಗೆ ಫೋನ್ ಮಾಡಿದಳು. ನಾದಿನಿ ಎಲ್ಲ ಕೇಳಿಸಿಕೊಂಡಳು.

"ನಾನೇ ಕೆಳಗಿಳಿದು ಬರ್ತೀನಿ ಅತ್ತಿಗೆ. ಸಮುದ್ರದ ಹತ್ರ ಒಂದು ಮನೆ ಹಿಡಿಯೋಣ. ಅಲ್ಲಿ ಕೋಟೂ ಬೇಡ. ಆದ್ರೆ ಅಮ್ಮಂಗೆ ಹೇಳೋರು ಯಾರು?"

"ನಾನೇ. ಬೈಸ್ಕೊಳ್ಳೋದು ನಂಗೆ ಅಭ್ಯಾಸ."

ಅತ್ತೆ ಬೈಯಲಿಲ್ಲ. ಗೋಡೆಯ ಕಡೆ ಮುಖ ತಿರುಗಿಸಿ, "ಅವಳ ಅಡುಗೆಮನೆ ಕಿಟಕಿಯಿಂದ ಹಿಮ ಕಾಣ್ಸತ್ತಂತೆ, ಟೈಲರಮ್ಮ," ಅಂದವರು ಆಮೇಲೆ ಮಾತು ಬಿಟ್ಟರು. ಊಟಕ್ಕೆ ಎದುರಿಗೇ ಕೂತು, "ಉಪ್ಪು ಬೇಕಂತ ಆ ಟೈಲರಮ್ಮಂಗೆ ಹೇಳೋ," ಎಂದು ಮಗನಿಂದ ಹೇಳಿಸುವರು. ಅವನು ಹೆಂಡತಿಯ ಮುಖ ನೋಡುವನು, ಉಪ್ಪು ತಾನಾಗಿ ಮುಂದೆ ಬರುವುದು. ಟೈಲರಮ್ಮನಿಗೆ ಊಟ ಸೇರುತ್ತಿರಲಿಲ್ಲ.

ಒಂದು ಬೆಳಿಗ್ಗೆ ಅತ್ತೆ, ಅರ್ಧ ಹೊಲಿದ ಕೋಟನ್ನು ತಾವೇ ತಂದು ಮೇಜಿನ ಮೇಲಿಟ್ಟರು.

"ಇದನ್ನ ಅವಳ ಅಳತೆಗೆ ಮಾಡು. ನಾನು ಹೋಗದಿದ್ರೂ ಇದಾದ್ರೂ ಆ ಮನೆಗೆ ಹೋಗ್ಲಿ."

"ಅವಳ ಅಳತೆ ನನ್ನ ಹತ್ರ ಇಲ್ವಲ್ಲ ಅತ್ತೆ. ಫೋನ್ ಮಾಡಿ ಕೇಳ್ಲಾ?"

"ಕೇಳೋದೇನು?" ಯಾರನ್ನೋ ತಬ್ಬಿಕೊಂಡಂತೆ ಅತ್ತೆ ಗಾಳಿಯಲ್ಲಿ ಎರಡೂ ತೋಳು ಬಳಸಿ ನಿಂತರು. "ಇಷ್ಟು."

ಟೈಲರಮ್ಮ ಆ ತೋಳುಗಳ ಒಳಗಿನಿಂದ ಟೇಪು ಸುತ್ತಿದಳು. ನಿಂತಲ್ಲೇ ಅತ್ತೆಯ ತೋಳು ಸೋತು ಇಳಿಯತೊಡಗಿತು. ಏದುಸಿರು ಕಿವಿಗೇ ಕೇಳಿಸುತ್ತಿತ್ತು.

"ಸಾಕು ಅತ್ತೆ, ಕೈ ಇಳಿಸಿ."

"ಎರಡನೇ ಅಳತೆ ಬೇಡ್ವೇನೇ? ಅವಳೂ ಉಸಿರಾಡ್ಬೇಕಲ್ಲ," ಅಂದರು ಅತ್ತೆ. ತೋಳುಗಳನ್ನು ಇನ್ನೊಂದಿಷ್ಟು ಹಿಗ್ಗಿಸಿ, ಅಳತೆ ಮುಗಿಯುವ ತನಕ ಹಾಗೇ ಹಿಡಿದರು.