ಹೆಂಡತಿಯ ಸಹಿಯ ಜಾಗ

ಕಾರ್ಖಾನೆಯ ಪಿಂಚಣಿ ವಿಭಾಗದ ಕಿಟಕಿಯಲ್ಲಿ ಕೂರುವ ಗುಮಾಸ್ತೆಯನ್ನು ಎಲ್ಲರೂ ಸೀಲಮ್ಮ ಎನ್ನುತ್ತಿದ್ದರು. ಸೀಲು ಒತ್ತಿದ್ದಕ್ಕಿಂತ ಒತ್ತುವುದಿಲ್ಲ ಎಂದು ಹಟ ಹಿಡಿದೇ ಹೆಸರಾದವಳು ಆಕೆ.

ನಿವೃತ್ತನಾಗುವವನ ಅರ್ಜಿಯಲ್ಲಿ ಎರಡು ಚೌಕಗಳಿದ್ದವು. ಮೊದಲನೆಯದಕ್ಕೆ ಗುರುತು ಹಾಕಿದರೆ ಪೂರ್ತಿ ಪಿಂಚಣಿ. ಆದರೆ ಅವನು ಕಣ್ಣು ಮುಚ್ಚಿದ ದಿನವೇ ಅದೂ ನಿಲ್ಲುತ್ತದೆ. ಎರಡನೆಯದಕ್ಕೆ ಹಾಕಿದರೆ ತಿಂಗಳಿಗೆ ಸ್ವಲ್ಪ ಕಡಿಮೆ, ಅವನ ನಂತರ ಹೆಂಡತಿಗೆ ಅರ್ಧ. ಮೊದಲನೆಯದೇ ಬೇಕೆನ್ನುವವನ ಹೆಂಡತಿ ಖುದ್ದಾಗಿ ಬಂದು, ಒಪ್ಪಿ ಸಹಿ ಹಾಕಬೇಕೆಂದು ಕಾನೂನು. ಗಂಡಸರಿಗೋ ಸದಾ ಮೊದಲನೆಯದರ ಮೇಲೇ ಕಣ್ಣು. ತಾವು ಸಾಯುವ ಪೈಕಿಯೇ ಅಲ್ಲ ಎಂಬ ಧೈರ್ಯ! "ಅವರನ್ನೇ ಕರ್ಕೊಂಡು ಬನ್ನಿ" ಎಂದು ಇಪ್ಪತ್ತಾರು ವರ್ಷ ಹೇಳಿ ಹೇಳಿ ಆಕೆಯ ಬಾಯಿ ಸೋತಿತ್ತು. ಬಂದ ಹೆಂಗಸರನ್ನು "ಇವರ ನಂತರ ನಿಮಗೆ ಬಿಡಿಗಾಸೂ ಬರಲ್ಲ, ಗೊತ್ತಾ?" ಎಂದು ಕೇಳಿದರೆ, ಎಷ್ಟೋ ಮಂದಿ ಒಮ್ಮೆ ಗಂಡನ ಮುಖ ನೋಡಿ ಸಹಿ ಹಾಕಿ ಹೋಗುತ್ತಿದ್ದರು. ಅಂಥ ದಿನ ಆಕೆಗೆ ಊಟ ಸೇರುತ್ತಿರಲಿಲ್ಲ.

ಇಷ್ಟಾಗಿ, ಆಕೆಗೇ ಪಿಂಚಣಿಯಿಲ್ಲ. ಗುತ್ತಿಗೆಯ ಕೆಲಸ, ಹನ್ನೊಂದು ತಿಂಗಳಿಗೊಮ್ಮೆ ಹೊಸ ಕಾಗದ. ಕೇಳಿದವರು ನಗುತ್ತಾರೆ, ಹೊಟ್ಟೆ ಉರಿಯಬೇಕಾದ ವಿಷಯ.

ಮೊನ್ನೆ ಊಟದ ಗಂಟೆಗೆ ಸ್ವಲ್ಪ ಮುಂಚೆ ಕಿಟಕಿಯೊಳಗೆ ಒಂದು ಅರ್ಜಿ ಬಂತು. ಗ್ರೀಸು ಕೂತ ಉಗುರುಗಳನ್ನು ನೋಡಿಯೇ ಗುರುತು ಸಿಕ್ಕಿತು: ಲೇತ್ ವಿಭಾಗದ ತನ್ನ ಗಂಡ. ಮೊದಲನೆಯ ಚೌಕಕ್ಕೆ ಗುರುತು ಬಿದ್ದಿತ್ತು. ಮನೆಯಲ್ಲಿ ಅವನು ಈ ಮಾತನ್ನೇ ಎತ್ತಿರಲಿಲ್ಲ.

"ಬೇಗ ಸಹಿ ಹಾಕಿ ಸೀಲ್ ಒತ್ತು. ಹೇಗೂ ನೀನು ಇಲ್ಲೇ ಇದ್ದೀಯಲ್ಲ, ಕರ್ಕೊಂಡು ಬರೋ ತಾಪತ್ರಯ ಇಲ್ಲ," ಎಂದು ಅವನು ನಕ್ಕ.

ಆಕೆ ಪೆನ್ನು ತೆಗೆದಳು. ಸಾಕು ಸಾಕಾಗಿತ್ತು, ಸಂಜೆ ಮನೆಯಲ್ಲಿ ಜಗಳವಾಡುವಷ್ಟು ತ್ರಾಣವಿರಲಿಲ್ಲ. ಒಂದಕ್ಷರ ಬರೆದು ತಲೆಯೆತ್ತಿ ಗಂಡನ ಮುಖ ನೋಡಿದಳು, ಆ ಹೆಂಗಸರೆಲ್ಲ ನೋಡುತ್ತಿದ್ದ ಹಾಗೆಯೇ. ಅದು ಹೊಳೆದದ್ದೇ ಕೈ ನಿಂತಿತು.

ಆ ಕಾಗದವನ್ನು ಹರಿದು, ಖಾಲಿ ಅರ್ಜಿಯೊಂದನ್ನು ಹೊರಗೆ ತಳ್ಳಿದಳು.

"ನಿಮ್ಮ ಹೆಂಡತೀನ ಕರ್ಕೊಂಡು ಬನ್ನಿ."

"ಏನೇ, ತಮಾಷೆನಾ?" ಎಂದ ಅವನು. ಹಿಂದೆ ಸಾಲಿನಲ್ಲಿದ್ದವರು ಕಿಸಕ್ಕೆಂದರು.

"ಮೊದಲು ಮನೇಲಿ ಕೂತು ಅವಳಿಗೆ ವಿಷಯ ಹೇಳಿ. ಆಮೇಲೆ ಕರ್ಕೊಂಡು ಬನ್ನಿ," ಎಂದಳು. ಸೀಲನ್ನು ಡ್ರಾಯರಿನೊಳಗಿಟ್ಟು ಬೀಗ ಹಾಕಿದಳು.