ನಾಯಿಗೂ ಬರುವ ಮಾತು

ನಮ್ಮ ತೋಟದ ನಾಯಿಗೆ ಸ್ವಲ್ಪ ಸ್ಪ್ಯಾನಿಷ್ ಬರುತ್ತದೆ. ತಂಗಿ ರಜೆಗೆ ಬಂದಾಗಲೆಲ್ಲ ದ್ರಾಕ್ಷಿ ಚಪ್ಪರದ ಕೆಳಗೆ ಓಡಾಡುತ್ತ ತನ್ನ ಪಾಠ ಒಪ್ಪಿಸುವುದು ಅದರ ಮುಂದೆಯೇ. ‘ವೆನ್’ ಎಂದರೆ ಬರುತ್ತದೆ, ‘ಸಿಯೆಂತಾತೆ’ ಎಂದರೆ ಕೂರುತ್ತದೆ. ಕೈಯಲ್ಲಿ ಬಿಸ್ಕತ್ತು ಇರಬೇಕು, ಅಷ್ಟೆ. ನಾನು ಕರೆಯುವ ತಮಿಳೂ ಅದಕ್ಕೆ ಗೊತ್ತು. ಅವ್ವ ಬೈಯುವ ನಮ್ಮ ಮನೆಮಾತಂತೂ ಚೆನ್ನಾಗಿ ಗೊತ್ತು, ಅವಳು ಬಾಯಿ ತೆರೆದರೆ ಸಾಕು, ಬಾಲ ಒಳಗೆ ಹಾಕಿಕೊಂಡು ಪಂಪ್‌ಸೆಟ್ ಮನೆಯ ಹಿಂದೆ ಹೋಗಿಬಿಡುತ್ತದೆ.

ಅವ್ವ ಅಂದರೆ ಅಪ್ಪನ ತಾಯಿ, ನಾವು ಹಾಗೇ ಕರೆಯುವುದು. ತಮಿಳು ಸೀಮೆಯ ಓಡೈಪಟ್ಟಿಯ ಪಕ್ಕದಲ್ಲಿ ನಮ್ಮದು ಪನ್ನೀರ್ ದ್ರಾಕ್ಷಿಯ ತೋಟ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು ಕತ್ತರಿ ಹಿಡಿದೆ. ತಂಗಿ ಓದುತ್ತಾ ಓದುತ್ತಾ ಹೈದರಾಬಾದಿನ ಯೂನಿವರ್ಸಿಟಿ ಮುಟ್ಟಿದಳು. ಇಂಗ್ಲಿಷ್ ಓದುತ್ತೇನೆ ಎಂದು ಹೋದವಳು ಸೀಟು ಸಿಗದೆ ಸ್ಪ್ಯಾನಿಷ್ ಹಿಡಿದಳು, ಹಿಡಿದ ಮೇಲೆ ಬಿಡಲಿಲ್ಲ. ದಿಂಡಿಗಲ್ಲಿನ ಅತ್ತೆ ಪ್ರತಿ ಮದುವೆಯಲ್ಲೂ ಅದು ಯಾವ ಕಂಪ್ಯೂಟರ್ ಎಂದು ಕೇಳುತ್ತಿದ್ದರು. ಮೊದಮೊದಲು ನಾನು ವಿವರಿಸುತ್ತಿದ್ದೆ. ಆಮೇಲೆ ‘ಅದು ಹೊಸ ಕಂಪ್ಯೂಟರ್, ಅತ್ತೆ, ಇನ್ನೂ ನಮ್ಮ ಕಡೆ ಬಂದಿಲ್ಲ’ ಎಂದು ಹೇಳಿ ಊಟದ ಪಂಕ್ತಿಗೆ ನುಗ್ಗುತ್ತಿದ್ದೆ.

ಕೊನೆಯ ವರ್ಷ ಒಂದು ದಿನ ಅವಳು ಫೋನ್ ಮಾಡಿದಳು. ಮಾತು ಒಂದರ ಮೇಲೊಂದು ಬಿದ್ದು ಬರುತ್ತಿತ್ತು. ಐನೂರು ವರ್ಷದ ಹಿಂದೆ ಸ್ಪೇನಿನಿಂದ ಯೆಹೂದಿಗಳನ್ನು ಓಡಿಸಿದರಂತೆ. ಅವರು ಟರ್ಕಿ, ಗ್ರೀಸ್ ಎಂದು ಎಲ್ಲೆಲ್ಲೋ ನೆಲೆ ಹುಡುಕಿಕೊಂಡರಂತೆ. ಹೊರಗೆ ಆ ಊರಿನ ಭಾಷೆ ಕಲಿತರು, ಅಡುಗೆಮನೆಯಲ್ಲಿ ಮಾತ್ರ ಹಳೇ ಸ್ಪ್ಯಾನಿಷನ್ನೇ ಇಟ್ಟುಕೊಂಡರು. ಸ್ಪೇನಿನಲ್ಲೇ ಸತ್ತುಹೋದ ಎಷ್ಟೋ ಮಾತು ಅವರ ಅಜ್ಜಿಯರ ಬಾಯಲ್ಲಿ ಉಳಿದಿತ್ತಂತೆ. ಟೀಚರ್ ಇದನ್ನು ಹೇಳುತ್ತಿದ್ದರೆ ಇಡೀ ಕ್ಲಾಸು ಬರೆದುಕೊಳ್ಳುತ್ತಿತ್ತು, ಇವಳೊಬ್ಬಳು ಪೆನ್ನು ಕೆಳಗಿಟ್ಟು ಕೂತುಬಿಟ್ಟಳಂತೆ.

“ಅಣ್ಣಾ, ಇದು ನಮ್ಮ ಮನೆ ಕಥೆ ತಾನೇ?” ಎಂದಳು.

ಹೌದು, ನಮ್ಮ ಮನೆ ಕಥೆಯೇ. ನಮ್ಮವರು ಯಾವ ಕಾಲದಲ್ಲೋ ಕನ್ನಡದ ಸೀಮೆಯಿಂದ ದನ ಹೊಡೆದುಕೊಂಡು ಈ ಕಂಬಂ ಕಣಿವೆಗೆ ಬಂದವರು. ಒಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ತಂಗಿಗೆ ಇದರ ಮೇಲೇ ಪ್ರಾಜೆಕ್ಟ್ ಮಾಡುವ ಆಸೆ. ಸ್ಪೇನಿನಿಂದ ಬರುವ ಒಬ್ಬ ಮೇಡಂ ಮುಂದೆ ನಿಂತು, ಅವ್ವನ ಮಾತು ಕೇಳಿಸಿ, ತಾನೂ ನಾಲ್ಕು ಮಾತು ಮನೆಮಾತಿನಲ್ಲಿ ಆಡಿ, ಉಳಿದದ್ದನ್ನು ಸ್ಪ್ಯಾನಿಷಿನಲ್ಲಿ ಹೇಳಬೇಕು. ಬೇರೆಯವರೆಲ್ಲ ಲೈಬ್ರರಿಯಿಂದ ತರುತ್ತಾರೆ, ನಾನು ಮನೆಯಿಂದ ತರುತ್ತೇನೆ ಎಂದಳು. ಅವ್ವನ ಹತ್ತಿರ ಒಂದು ಕಥೆ ಹೇಳಿಸಿ ಫೋನಿನಲ್ಲಿ ಹಿಡಿದು ಕಳಿಸು ಎಂದು ನನಗೆ ಹೇಳಿದಳು.

ಅದೇನು ದೊಡ್ಡ ಕೆಲಸ ಎಂದುಕೊಂಡೆ. ಸಂಜೆ ಅವ್ವನನ್ನು ಜಗುಲಿಯ ಮೇಲೆ ಕೂರಿಸಿ, ಫೋನು ಹಿಡಿದು, ದನ ಹೊಡೆದುಕೊಂಡು ಬಂದ ಕಥೆ ಹೇಳು ಎಂದೆ. ಅವ್ವ ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು, ಕಲೆಕ್ಟರ್ ಮುಂದೆ ಕೂತವಳ ಹಾಗೆ ಬೆನ್ನು ನೆಟ್ಟಗೆ ಮಾಡಿ ಪೂರ್ತಿ ಕಥೆ ಹೇಳಿದಳು. ಹೊಳೆ ದಾಟಿದ್ದು, ಹೋರಿ ಮಲಗಿದ ಜಾಗದಲ್ಲೇ ಊರು ಕಟ್ಟಿದ್ದು, ಒಂದನ್ನೂ ಬಿಡಲಿಲ್ಲ. ನಾನು ಹೆಮ್ಮೆಯಿಂದ ಕಳಿಸಿದೆ.

ಮರುದಿನ ತಂಗಿಯ ಫೋನು ಬಂತು. ನಕ್ಕು ನಕ್ಕು ಅವಳಿಗೆ ಮಾತೇ ಬರುತ್ತಿರಲಿಲ್ಲ. ಅಣ್ಣಾ, ಅವ್ವ ಹೇಳಿದ್ದು ಎಲ್ಲ ತಮಿಳಿನಲ್ಲಿ ಎಂದಳು. ನಾನು ಮತ್ತೆ ಹಾಕಿ ಕೇಳಿದೆ. ಮೊದಲಿಂದ ಕೊನೆಯವರೆಗೆ ಒಳ್ಳೆಯ ತಮಿಳು. ಹೇಳಿದವಳಿಗೂ ಗೊತ್ತಾಗಿಲ್ಲ, ಎದುರಿಗೆ ಕೂತು ತಲೆಯಾಡಿಸಿದ ನನಗೂ ಗೊತ್ತಾಗಿಲ್ಲ.

ನಮ್ಮಲ್ಲಿ ಅದು ಹಾಗೇ. ಹೊರಗಿನವರು ಒಬ್ಬರು ಬಂದು ಕೂತರೆ ಮನೆಯವರೆಲ್ಲ ತಮಿಳಿಗೆ ತಿರುಗುತ್ತೇವೆ. ಅವರ ಮುಂದೆ ಅರ್ಥವಾಗದ ಮಾತಾಡಿದರೆ ಮರ್ಯಾದೆ ಅಲ್ಲ. ಮಾತಿನ ನಡುವೆ ಕರೆಂಟ್ ಬಿಲ್ಲಿನವನು ಬಾಗಿಲಿಗೆ ಬಂದರೆ ಅರ್ಧ ಆಡಿದ್ದನ್ನು ಇನ್ನೊಂದು ಭಾಷೆಯಲ್ಲಿ ಮುಗಿಸುತ್ತೇವೆ. ಅವ್ವನ ಲೆಕ್ಕದಲ್ಲಿ ಆ ಫೋನೂ ಹೊರಗಿನವನೇ. ಮನೆಗೆ ಬಂದಿದ್ದಾನೆ, ಕಥೆ ಕೇಳುತ್ತಿದ್ದಾನೆ, ಅವನಿಗೆ ತಿಳಿಯಬೇಡವೇ?

ಪೊಂಗಲ್ ರಜೆಗೆ ತಂಗಿ ತಾನೇ ಬಂದಳು. ಚೀಲ ಕೆಳಗಿಟ್ಟವಳೇ ಅವ್ವನ ಪಕ್ಕ ಕೂತು, ನಮ್ಮ ಮಾತಿನಲ್ಲೇ ಹೇಳು ಎಂದು ತಮಿಳಿನಲ್ಲಿ ಕೇಳಿದಳು. ಅವಳಿಗೆ ನಮ್ಮ ಮಾತು ತಿಳಿಯುತ್ತದೆ, ಆಡಲು ಬಾರದು. ಅವ್ವ ಎರಡು ಮಾತು ಕನ್ನಡದಲ್ಲಿ ಆಡಿ, ಮೊಮ್ಮಗಳ ಮುಖ ನೋಡಿ, ಮೂರನೆಯದಕ್ಕೆ ತಮಿಳಿಗೆ ಜಾರಿದಳು. ಮತ್ತೆ ಶುರು ಮಾಡಿದಳು, ಮತ್ತೆ ಜಾರಿದಳು. ಅಷ್ಟರಲ್ಲಿ ನಾಯಿ ಒಣಗಲು ಹಾಕಿದ್ದ ಕಡಲೆಕಾಯಿಯ ಮೇಲೆ ನಡೆದು ಹೋಯಿತು. ಅವ್ವ ಅದರ ಕಡೆ ತಿರುಗಿ, ಅದರ ಹುಟ್ಟು, ಅದರ ಕಾಲು, ಅದರ ಮುಂದಿನ ಗತಿ ಎಲ್ಲವನ್ನೂ ಅಚ್ಚ ಮನೆಮಾತಿನಲ್ಲಿ ಹೇಳಿದಳು.

ತಂಗಿ ನಗಲಿಲ್ಲ. “ನಾಯಿಗೆ ಕನ್ನಡ, ನನಗೆ ತಮಿಳು. ಯಾಕಣ್ಣಾ?” ಎಂದಳು.

ನಾನು ಪಂಪ್ ಹಾಕಿ ಬರುತ್ತೇನೆ ಎಂದು ಎದ್ದೆ. ಪಂಪ್ ಆಗಲೇ ಓಡುತ್ತಿತ್ತು.

ಅವಳಿಗೆ ಗೊತ್ತಿಲ್ಲದ್ದು ಇದು. ಎಂಟನೇ ಕ್ಲಾಸಿನಲ್ಲಿ ನಾನು ಫೇಲಾದೆ. ಫೇಲಾದದ್ದು ಓದದೆ, ಅದು ನನಗೂ ಗೊತ್ತಿತ್ತು. ಆದರೆ ಮನೆಗೆ ಬಂದು, ನಮ್ಮ ಮಾತಿನಿಂದ ಹೀಗಾಯಿತು ಎಂದೆ. ತಮಿಳು ಬರೆಯಲು ಕೂತರೆ ಮನೆಮಾತು ಅಡ್ಡ ಬರುತ್ತದೆ, ಹುಡುಗರು ನಗುತ್ತಾರೆ, ಪಾಠ ಹೇಳುವ ವಾತ್ಯಾರೂ ನಗುತ್ತಾರೆ ಎಂದೆ. ನಗುತ್ತಿದ್ದದ್ದು ನಿಜ, ಉಳಿದದ್ದು ಕಟ್ಟಿದ್ದು. ಅಪ್ಪನ ಬೆತ್ತ ಗೋಡೆಗೇ ಉಳಿಯಿತು. ಅಲ್ಲಿಗೆ ಸುಮ್ಮನಿರಬಹುದಿತ್ತು. ತಂಗಿ ಆಗ ತೊದಲು ಬಿಟ್ಟು ಮಾತಾಡಲು ಶುರುಮಾಡಿದ್ದಳು. ಈ ಮಗುವೂ ನನ್ನ ಹಾಗೆ ಆಗುವುದು ಬೇಡ, ಇದರ ಹತ್ತಿರ ಯಾರೂ ನಮ್ಮ ಮಾತು ಆಡಬೇಡಿ ಎಂದೆ. ನನ್ನ ಸುಳ್ಳಿಗೆ ಒಂದು ಆಸರೆ ಬೇಕಿತ್ತು, ಅದಕ್ಕೆ ಅವಳನ್ನು ನಿಲ್ಲಿಸಿದೆ. ಮನೆಯವರು ನಂಬಿದರು. ಅವಳು ‘ಹಾಲು ತಾ’ ಎಂದರೆ ನಾನು ತಮಿಳಿನ ‘ಪಾಲು’ ಎಂದು ತಿದ್ದಿ, ತಿದ್ದಿದ್ದನ್ನು ಹೇಳುವವರೆಗೆ ಲೋಟ ಕೊಡುತ್ತಿರಲಿಲ್ಲ. ಅಮ್ಮ ಆಗಾಗ ಮರೆತುಬಿಡುತ್ತಿದ್ದಳು. ಅವ್ವ ಒಂದು ದಿನವೂ ಮರೆಯಲಿಲ್ಲ.

ಪಂಪಿನ ಹತ್ತಿರ ಎಷ್ಟು ಹೊತ್ತು ನಿಲ್ಲುವುದು? ವಾಪಸು ಬಂದೆ. ಅವ್ವನ ಮುಂದೆಯೇ ಹೇಳಿಬಿಟ್ಟೆ. ಹೇಳಿದ್ದು ತಮಿಳಿನಲ್ಲಿ, ತಂಗಿಯ ಹತ್ತಿರ ನಾನು ಯಾವಾಗಲೂ ಆಡುವುದು ಅದೇ.

ಅವ್ವ ಕಡಲೆಕಾಯಿ ಹರಡುತ್ತಿದ್ದವಳು ಕೈ ನಿಲ್ಲಿಸಿದಳು. “ಅಂಗಾದ್ರೆ ಮಾತಿಂದ ಫೇಲಾಗ್ಲಿಲ್ಲೇನೋ ನೀನು?” ಎಂದಳು, ಮನೆಮಾತಿನಲ್ಲಿ.

“ಇಲ್ಲವ್ವ. ಓದ್ಲಿಲ್ಲ.”

“ಈ ಕೂಸಿನ್ ಕೂಡೆ ನಮ್ ಮಾತಾಡ್ಬೇಕು ಅಂತ ನಾಲ್ಗೆ ಎಷ್ಟು ತುಡೀತಿತ್ತು ಗೊತ್ತೇನ್ಲಾ? ಕಚ್ಕೊಂಡಿದ್ದೆ.”

ಮತ್ತೆ ಕಡಲೆಕಾಯಿಗೆ ಕೈ ಹಾಕಿದಳು. ನಾಯಿಗೆ ಅಷ್ಟು ಬೈದವಳು ನನಗೆ ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು.

ತಂಗಿ ಫೋನನ್ನು ಕೈಯಲ್ಲಿ ತಿರುಗಿಸುತ್ತಿದ್ದಳು. ನಾನು ಅವಳು ಅಳುತ್ತಾಳೆ ಎಂದುಕೊಂಡೆ, ಇಲ್ಲವೇ ಅಂದೇ ಬಸ್ಸು ಹತ್ತುತ್ತಾಳೆ ಎಂದುಕೊಂಡೆ. ಅವಳು ಹೇಳಿದ್ದು ಬೇರೆ. ಆ ಮೇಡಂ ಮುಂದೆ ನಿಲ್ಲಬೇಕಾದವಳು ನಾನು, ನನ್ನ ಬಾಯಿಂದ ಮಾತು ಕಿತ್ತವನು ನೀನು, ಆದ್ದರಿಂದ ರಜೆ ಮುಗಿಯುವವರೆಗೆ ನನ್ನ ಹತ್ತಿರ ತಮಿಳು ಎತ್ತಬೇಡ ಎಂದಳು.

ಸುಲಭ ಎಂದುಕೊಂಡೆ. ಆಗಲಿಲ್ಲ. ಅವಳ ಕಡೆ ತಿರುಗಿ ‘ಊಟ ಆಯ್ತೇನು’ ಎಂದು ಕೇಳಲು ಹೋದರೆ ‘ಸಾಪ್ಟಿಯಾ ಪಾಪಾ’ ಎಂದು ಬರುತ್ತಿತ್ತು. ಅವ್ವನಿಗೆ ಒಂದು ಭಾಷೆ, ಅವಳಿಗೆ ಇನ್ನೊಂದು, ಒಂದೇ ತಟ್ಟೆಯ ಮುಂದೆ. ಅವಳ ಮುಖ ಕಂಡೊಡನೆ ನನ್ನ ನಾಲಿಗೆ ಹೊರಗಿನವರು ಬಂದರು ಎಂದು ತಿರುಗುತ್ತಿತ್ತು. ಕರೆಂಟ್ ಬಿಲ್ಲಿನವನ ಸಾಲಿನಲ್ಲಿ ನನ್ನ ಸ್ವಂತ ತಂಗಿಯನ್ನು ಕೂರಿಸಿದ್ದೆ ಎಂದು ನನಗೆ ತಿಳಿದದ್ದು ಆಗ.

ದಾರಿ ತೋರಿಸಿದ್ದು ತೋಟ. ಪನ್ನೀರ್ ದ್ರಾಕ್ಷಿಯ ಚಪ್ಪರ ತಲೆಗೆ ತಾಗುವಷ್ಟು ತಗ್ಗು. ಗೊಂಚಲು ಮೇಲಿಂದ ತೂಗುತ್ತವೆ. ಕೊಯ್ಯುವವರೆಲ್ಲ ಕತ್ತು ಎತ್ತಿ, ಎಲೆ ನೋಡುತ್ತ, ಮೆಲ್ಲಗೆ ಮುಂದೆ ಸರಿಯುತ್ತಾರೆ, ಪಕ್ಕದವರ ಮುಖ ಯಾರೂ ನೋಡುವುದಿಲ್ಲ. ಪೊಂಗಲ್ ಮುಗಿದ ಮೇಲೆ ಕೊಯ್ಲಿಗೆ ಅವಳೂ ಕತ್ತರಿ ಹಿಡಿದು ನನ್ನ ಪಕ್ಕದ ಸಾಲಿಗೆ ಬಂದಳು. ನಾನು ಗೊಂಚಲಿಗೆ ಹೇಳುವವನ ಹಾಗೆ, “ತೊಟ್ಟು ಉದ್ದ ಬಿಟ್ಟು ಕೊಯ್ಯಿ, ಹಣ್ಣಿಗ್ ಕೈ ತಗಲ್ದಂಗೆ” ಎಂದೆ. ಕನ್ನಡದಲ್ಲೇ ಬಂತು. ನಿಲ್ಲಿಸಿದರೆ ಹೋಗಿಬಿಡುತ್ತದೆ ಎಂಬ ಭಯಕ್ಕೆ ಹೇಳುತ್ತಲೇ ಹೋದೆ. ಹೋರಿ ಮಲಗಿದ ಕಥೆ, ಅವಳು ಹುಟ್ಟಿದ ದಿನದ ಕಥೆ, ಅವಳಿಗೆ ಕೊಡದ ಹಾಲಿನ ಕಥೆ. ಹಿಂದಿನ ಸಾಲಿನಿಂದ ಅವ್ವ, ಹೋರಿಯ ಬಣ್ಣ ತಪ್ಪು ಹೇಳ್ತಿದ್ದೀಯ ಎಂದು ಕೂಗಿ ಕಥೆಯನ್ನು ನನ್ನಿಂದ ಕಿತ್ತುಕೊಂಡಳು. ತಂಗಿಯ ಫೋನು ಅವಳ ಅಂಗಿ ಜೇಬಿನಲ್ಲಿ ಕೂತು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿತ್ತು, ಅವ್ವನಿಗೆ ಅದು ಕಾಣಲಿಲ್ಲ.

ಅವಳು ಆ ಮೇಡಂ ಮುಂದೆ ಅವ್ವನ ಕಥೆ ಕೇಳಿಸಿದಳು. ತನ್ನ ನಾಲ್ಕು ಮಾತು ಆಡುವಾಗ ಛಾವಣಿಯ ಫ್ಯಾನ್ ನೋಡುತ್ತ ಆಡಿದಳಂತೆ. ಯಾಕೆ ಮೇಲೆ ನೋಡುತ್ತೀಯ ಎಂದು ಮೇಡಂ ಕೇಳಿದ್ದಕ್ಕೆ ನಮ್ಮಲ್ಲಿ ಹಾಗೇ ಕಲಿಯುವುದು ಎಂದಳಂತೆ.

ಮನೆಮಾತು ಕೊಟ್ಟದ್ದಕ್ಕೆ ಪ್ರತಿಯಾಗಿ ಅವಳು ನನಗೆ ಕನ್ನಡದ ಒಂದನೇ ತರಗತಿ ಪುಸ್ತಕ ಕಳಿಸಿದಳು. ಅದರಿಂದ ಕಲಿತ ಅಕ್ಷರದಲ್ಲಿ ಇದನ್ನು ಬರೆದಿದ್ದೇನೆ. ಕೊಯ್ಲಿನ ಆ ದಿನ ಸಾಲಿನ ಕೊನೆಯಲ್ಲಿ ಅವಳು ತಲೆ ಎತ್ತಿಕೊಂಡೇ, ಮೆಲ್ಲಗೆ, ಒಂದೊಂದೇ ಮಾತು ಹುಡುಕಿ, “ಅಣ್ಣಾ, ಕತ್ರಿ... ಮೊಂಡಾಯ್ತು. ಬ್ಯಾರೆ ತಾ” ಎಂದಿದ್ದಳು. ನನ್ನದನ್ನೇ ಕೊಟ್ಟೆ. ತಿದ್ದಲು ಏನೂ ಇರಲಿಲ್ಲ.