ಕೌಜುಗದ ಪಂಜರ ತೆರೆದ ಬೆಳಗು

ನನ್ನ ಅಣ್ಣನಿಗೆ ಶಹಾಬಾದಿನಲ್ಲಿ ಫರಸಿ ಕಲ್ಲು ಪಾಲಿಶ್ ಮಾಡುವ ಕೆಲಸ. ಶೋಕಿ ಮಾತ್ರ ನವಾಬರದು. ಹೆಗಲ ಮೇಲೆ ಟವೆಲ್ಲು, ಕೈಯಲ್ಲಿ ಬಟ್ಟೆ ಹೊದಿಸಿದ ಬಿದಿರಿನ ಪಂಜರ, ಅದರೊಳಗೆ ಕೌಜುಗ. ಬೆಳಕು ಹರಿಯುತ್ತಲೇ ಅವನೂ ಅವನಂಥ ಮೂವರು ಕೆಲಸಗೇಡಿಗಳೂ ಹಾಳು ಖಣಿಯ ಹತ್ತಿರದ ಬದುವಿನ ಮೇಲೆ ಪಂಜರ ಇಟ್ಟು, ಸುತ್ತ ಉರುಲು ಹಾಸಿ, ಪೊದೆಯ ಹಿಂದೆ ಕುಕ್ಕರಗಾಲಲ್ಲಿ ಕೂರುತ್ತಿದ್ದರು. ಒಳಗಿನದು ಕೂಗಿದರೆ ಅಡವಿಯ ಕೌಜುಗಗಳು ಓಡಿಬಂದು ಉರುಲಿಗೆ ಬೀಳುತ್ತಿದ್ದವು. ನಾಲ್ವರು ಗಂಡಸರು, ಅಂಗೈಯಷ್ಟು ಮಾಂಸ. ಅದನ್ನು ಶಿಕಾರಿ ಎಂದು ಕರೆದು ಚಹಾದಂಗಡಿಯಲ್ಲಿ ಮೀಸೆ ತಿರುವುತ್ತಿದ್ದರು. ಅರಣ್ಯ ಇಲಾಖೆಯವರ ಸುದ್ದಿ ತೆಗೆದರೆ, ಇದು ಮನೆಯ ಕೋಳಿ ಎನ್ನುತ್ತಿದ್ದ ಅಣ್ಣ. ಕೋಳಿಯ ಬುದ್ಧಿಯಾದರೂ ನಿನಗಿದ್ದಿದ್ದರೆ ಎಂದು ನಾನು ಮುಖದ ಮೇಲೆಯೇ ಅನ್ನುತ್ತಿದ್ದೆ.

ಆ ಹಕ್ಕಿಯನ್ನು ಸಾಕಿದವಳು ನಾನು. ಹೆಸರುಕಾಯಿ ಬಿಡಿಸುವಾಗ ಸಿಕ್ಕ, ಹೆಬ್ಬೆರಳಿನಷ್ಟಿದ್ದ ಮರಿ. ಹುತ್ತ ಕೆದರಿ ಗೆದ್ದಲು ತಂದು ತಿನ್ನಿಸಿದ್ದೆ. ಒಲೆಯಿಂದ ಬಚ್ಚಲಿಗೆ ಹೋದರೂ ಕಾಲಿಗೆ ತೊಡರಿಕೊಂಡು ಬೆನ್ನು ಹತ್ತುತ್ತಿತ್ತು. ಅದರ ಕೂಗು ಬಲಿತ ದಿನವೇ ಅಣ್ಣ ಅದು ತನ್ನದೆಂದ. ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನಲಿಲ್ಲ, ಗಂಡುಮಗನಲ್ಲವೇ.

ಶಿಕಾರಿ ಇಲ್ಲದ ಹೊತ್ತಿನಲ್ಲಿ ಪಂಜರ ಅಂಗಳದ ಬೇವಿನ ಕೆಳಗಿರುತ್ತಿತ್ತು. ನಮ್ಮ ಮನೆ ಊರಿನ ಕೊನೆಯದು. ಅಡವಿಯ ಕೌಜುಗವೊಂದು ದಿನಾ ಬಂದು ಪಂಜರವನ್ನು ಸುತ್ತು ಹಾಕುತ್ತಿತ್ತು, ಕೂಗುತ್ತಿತ್ತು, ಕಡ್ಡಿಗಳ ನಡುವೆ ಕೊಕ್ಕು ತೂರಿಸುತ್ತಿತ್ತು. ಬಳಗದ್ದು ಬಂದಿದೆ, ಬಿಟ್ಟರೆ ಕರೆದುಕೊಂಡು ಹೋಗುತ್ತದೆ ಎಂದುಕೊಂಡೆ. ಅದನ್ನು ಹಿಡಿಯಲು ಅಣ್ಣ ಉರುಲು ತರಲು ಒಳಗೆ ಹೋದ ಒಂದು ಬೆಳಿಗ್ಗೆ ಪಂಜರದ ಬಾಗಿಲು ತೆರೆದುಬಿಟ್ಟೆ. ಈ ಮೂರ್ಖನ ಬಾಯಿಗೆ ಮಣ್ಣು ಬೀಳಲಿ ಎಂಬ ಖುಷಿಯೂ ಇತ್ತು.

ನಮ್ಮದು ಹೊರಗೆ ಬರಲಿಲ್ಲ. ಅಡವಿಯದೇ ಒಳಗೆ ನುಗ್ಗಿತು. ಪುಕ್ಕಗಳು ಹಾರಿದವು. ನಾನು ಗಾಬರಿಯಿಂದ ಕೈ ಹಾಕಿ ನಮ್ಮದನ್ನು ಗಟ್ಟಿಯಾಗಿ ಹಿಡಿದೆ. ನನ್ನ ಮುಷ್ಟಿಯಲ್ಲಿ ಅಲುಗಾಡದೆ ಸಿಕ್ಕಿದ್ದ ಅದರ ಕಣ್ಣಿಗೇ ಇನ್ನೊಂದು ಕುಕ್ಕಿತು.

ಅಣ್ಣ ಓಡಿಬಂದು ಅಡವಿಯದನ್ನು ಅಟ್ಟಿದ. ನಮ್ಮದನ್ನು ಎದೆಗೊತ್ತಿಕೊಂಡು ಅರಿಶಿನ ಹಚ್ಚಿದ. ಬೈಯುತ್ತಾನೆಂದು ಜವಾಬು ಸಿದ್ಧ ಮಾಡಿಕೊಂಡಿದ್ದೆ. ಬೈಯಲಿಲ್ಲ.

"ಅದು ನೆಂಟಸ್ತಾನಕ್ಕ ಬರ್ತದಂತ ತಿಳಕೊಂಡಿದ್ದೇನು? ನನ್ನ ಜಾಗಾ ಬಿಡು ಅಂತ ಬಡದಾಡ್ಲಿಕ್ಕ ಬರ್ತದ. ಇಷ್ಟು ದಿನ ನೋಡಿದಿ, ಗೊತ್ತಾಗಲಿಲ್ಲೇನು?"

ಊರಿಗೆಲ್ಲ ಬುದ್ಧಿ ಹೇಳುವ ನನಗೆ ಆ ಬುದ್ಧಿಗೇಡಿಯ ಎದುರು ನಾಚಿಕೆಯಾಯಿತು.

ಒಕ್ಕಣ್ಣಿನ ಹಕ್ಕಿ ಕೂಗುವುದನ್ನು ಬಿಟ್ಟಿತು. ಕೂಗದ ಕೌಜುಗ ಅಣ್ಣನಿಗೆ ಯಾಕೆ ಬೇಕು? ಈಗ ಪಂಜರದಲ್ಲಿ ಹೊಸದೊಂದು ಇದೆ, ಜೊತೆಗೆ ಅದೇ ಮೂವರು. ಅವರ ಮೇಲಿನ ನನ್ನ ತಿರಸ್ಕಾರವೇನೂ ತಗ್ಗಿಲ್ಲ. ಹಳೆಯದನ್ನು ಅವನೇ ತಂದು ನನ್ನ ಅಡುಗೆಮನೆಯಲ್ಲಿ ಬಿಟ್ಟ. ನನಗೆ ಬೇಕಾಗಿದ್ದೂ ಇದೇ. ಕಾಳು ಹಿಡಿದು ಕೈ ಚಾಚಿದರೆ ಅದು ಗೋಡೆಗೆ ಅಂಟಿ ನಿಲ್ಲುತ್ತದೆ. ಕಾಳು ನೆಲಕ್ಕೆ ಹಾಕಿ ಕೈ ಹಿಂದಕ್ಕೆ ತೆಗೆದುಕೊಂಡ ಮೇಲಷ್ಟೇ ತಿನ್ನುತ್ತದೆ.